ಶಿಷ್ಯನ ದಾರಿಯ ಧೂಳಿ

‘ಉದ್ಧಾರ’ ಎಂದರೆ ಮೇಲಕ್ಕೆತ್ತುವುದು. ಎತ್ತುವವನು ಮೇಲಿದ್ದಾನೆ, ಎತ್ತಿಸಿಕೊಳ್ಳುವವನು ಕೆಳಗಿದ್ದಾನೆ ಎಂಬ ಭಾವವೂ ಆ ಮಾತಿನೊಳಗೆ ಅಡಗಿದೆ. ಸಮಾಜಸೇವಕರನ್ನು ಕುರಿತ ಬರಹಗಳಲ್ಲಿ ಈ ಪದ ಎದುರಾದಾಗಲೆಲ್ಲ ನನಗೆ ಕುದ್ಮುಲ್ ರಂಗರಾಯರ ನೆನಪಾಗುತ್ತದೆ. ‘ದಲಿತೋದ್ಧಾರಕ’ ಎಂಬ ಬಿರುದನ್ನು ನಾವು ಅವರಿಗಿತ್ತಿದ್ದೇವೆ; ಆದರೆ ಅವರ ಬಾಳು ಆ ಬಿರುದಿಗಿಂತ ದೊಡ್ಡದು.

1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ರಂಗರಾಯರು ಮಂಗಳೂರಿನಲ್ಲಿ ವಕೀಲರಾದರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ 1892ರಲ್ಲಿ ಚಿಲಿಂಬಿಯಲ್ಲಿ ಶಾಲೆಯೊಂದನ್ನು ತೆರೆದರು; 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಪಾಠ ಹೇಳಲು ಮೇಲುಜಾತಿಯ ಉಪಾಧ್ಯಾಯರು ಮುಂದೆ ಬರಲಿಲ್ಲ. ಕ್ರೈಸ್ತ ಉಪಾಧ್ಯಾಯರು ಬಂದರು. ರಾಯರು ಹಿಂಜರಿಯಲಿಲ್ಲ.

ಅವರು ಕೈಕೊಂಡ ಕಾರ್ಯಗಳ ಕ್ರಮವನ್ನು ಗಮನಿಸಬೇಕು. ಹಸಿದ ಹೊಟ್ಟೆಗೆ ಅಕ್ಷರ ಹತ್ತದೆಂದು ಮಧ್ಯಾಹ್ನದ ಊಟವನ್ನಿಟ್ಟರು. ಅಕ್ಷರವೊಂದರಿಂದಲೇ ಬದುಕು ಸಾಗದೆಂದು ನೇಯ್ಗೆ, ಬಡಗಿಕೆಲಸಗಳನ್ನು ಕಲಿಸಿದರು. ನಿಲ್ಲಲು ಸ್ವಂತ ನೆಲವಿಲ್ಲದವನು ಯಾರ ಮುಂದೆಯೂ ತಲೆಯೆತ್ತಲಾರನೆಂದು ಮನೆ ನಿವೇಶನಗಳನ್ನು ದೊರಕಿಸಿದರು. ಊಟವಿಕ್ಕುವುದು ದಯೆ, ಇನ್ನೊಬ್ಬರು ಊಟವಿಕ್ಕಬೇಕಾದ ಸ್ಥಿತಿಯೇ ಉಳಿಯದಂತೆ ಮಾಡುವುದು ನ್ಯಾಯ. ರಾಯರು ಮೊದಲನೆಯದರಿಂದ ಹೊರಟು ಎರಡನೆಯದನ್ನು ಮುಟ್ಟಿದರು.

ಅವರ ಹೃದಯದ ನಿಜವಾದ ಅಳತೆ ದೊರೆಯುವುದು ಅವರ ಒಂದು ಬಯಕೆಯಲ್ಲಿ. ತಮ್ಮ ಶಾಲೆಯಲ್ಲಿ ಕಲಿತ ಹುಡುಗನೊಬ್ಬ ಸರಕಾರಿ ಅಧಿಕಾರಿಯಾಗಿ ಊರ ಬೀದಿಯಲ್ಲಿ ಕಾರಿನಲ್ಲಿ ಸಾಗಬೇಕು. ಆ ಚಕ್ರದಿಂದೆದ್ದ ಧೂಳಿ ತಮ್ಮ ತಲೆಗೆ ತಾಗಬೇಕು. ಆಗಲೇ ತಮ್ಮ ಜನ್ಮ ಸಾರ್ಥಕವೆಂದು ಅವರು ಭಾವಿಸಿದ್ದರು. ಗುರುವಿನ ಪಾದಧೂಳಿಯನ್ನು ಶಿಷ್ಯನು ತಲೆಯಲ್ಲಿ ಧರಿಸುವುದು ನಮ್ಮ ಸಂಪ್ರದಾಯ. ರಾಯರು ಅದನ್ನು ತಿರುವಿಹಾಕಿದರು. ನೆರಳು ಸೋಕಿದರೆ ಮೈಲಿಗೆಯೆನ್ನುತ್ತಿದ್ದ ಕಾಲದಲ್ಲಿ, ಆ ಮಕ್ಕಳ ಹಾದಿಯ ಧೂಳಿಯೇ ಅವರಿಗೆ ಪ್ರಸಾದವಾಯಿತು. ಎತ್ತುವವನು ಮೇಲೆಯೇ ಉಳಿಯಬೇಕೆಂಬ ಆಸೆ ಇಲ್ಲಿ ಎಳ್ಳಷ್ಟೂ ಇಲ್ಲ.

ರಂಗರಾಯರು 1928ರಲ್ಲಿ ತೀರಿಕೊಂಡರು. ಮಂಗಳೂರಿನ ಪುರಭವನವು ಇಂದು ಅವರ ಹೆಸರನ್ನು ಹೊತ್ತಿದೆ. ಆದರೆ ಹೆಸರಿಡುವುದು ಸುಲಭ. ಆ ಧೂಳಿಗೆ ತಲೆಯೊಡ್ಡುವುದು ಕಷ್ಟ. ನಮ್ಮ ನೆರವು ಪಡೆದವನು ನಾಳೆ ನಮಗಿಂತ ಎತ್ತರಕ್ಕೆ ಬೆಳೆದು, ನಮ್ಮನ್ನು ಗಮನಿಸದೆಯೇ ಮುಂದೆ ಸಾಗಿದರೆ ಸಂತೋಷಪಡಬಲ್ಲೆವೆ? ಸೇವೆಯ ಹಾದಿ ಹಿಡಿಯುವ ತರುಣರು, ಪಾಠ ಹೇಳುವ ನನ್ನಂಥವರು, ಮೊದಲು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಯಿದು.