ಡಚ್ ಭಾಷೆಯ ದೀರ್ಘ ಸಮಾಸಗಳಲ್ಲಿ ಉಚ್ಚಾರಾಂಶ ವಿಭಜನೆ ಮತ್ತು ಒತ್ತು

ಡಚ್ ಭಾಷೆಯ ದೀರ್ಘ ಸಮಾಸಪದಗಳಲ್ಲಿ ಉಚ್ಚಾರಾಂಶಗಳ ವಿಭಜನೆಯನ್ನಾಗಲಿ ಒತ್ತಿನ ಸ್ಥಾನವನ್ನಾಗಲಿ ಧ್ವನಿಗಳ ಸರಣಿಯೊಂದರಿಂದಲೇ ನಿರ್ಣಯಿಸಲಾಗದು. ಎರಡಕ್ಕೂ ಘಟಕಪದಗಳ ಗಡಿಯ ಅರಿವು ಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ. ಡಚ್ ರೂಪಗಳನ್ನು ಉಚ್ಚಾರಣೆಗೆ ಸಮೀಪವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಅಡ್ಡಗೆರೆಯು ಉಚ್ಚಾರಾಂಶದ ಗಡಿಯನ್ನು ಸೂಚಿಸುತ್ತದೆ.

ಸಮಾಸವಲ್ಲದ ಪದಗಳಲ್ಲಿ ಸ್ವರದ ಹಿಂದಿನ ವ್ಯಂಜನವು ಆ ಸ್ವರವನ್ನೇ ಸೇರುತ್ತದೆ. ‘ಕೈಗಳು’ ಎಂಬರ್ಥದ ಪದ ಹನ್-ದೆನ್ ಎಂದು ಒಡೆಯುತ್ತದೆ. ಇದೇ ನಾಮಪದವು ಸೇಬನ್ನು ಹೇಳುವ ‘ಅಪೆಲ್’ ಪದದೊಡನೆ ಸಮಾಸಗೊಂಡು ‘ಹಾಗೆಯೇ ತಿನ್ನುವ ಸೇಬು’ ಎಂಬರ್ಥ ಕೊಡುವಾಗ ವಿಭಜನೆ ಹನ್ತ್-ಅ-ಪೆಲ್ ಆಗುತ್ತದೆ. ದಕಾರವು ಪೂರ್ವಪದದಲ್ಲಿಯೇ ಉಳಿದು, ಪದಾಂತ್ಯದ ನಿಯಮದಂತೆ ಅಘೋಷವಾಗುತ್ತದೆ. ‘ಜಗತ್’, ‘ಈಶ’ ಸೇರಿ ‘ಜಗದೀಶ’ವಾಗುವ ಜಶ್ತ್ವಸಂಧಿಗೆ ಇದು ನೇರ ವಿರುದ್ಧವಾದ ಪ್ರಕ್ರಿಯೆ. ಸಮಾಸದ ಪ್ರತಿಯೊಂದು ಘಟಕವೂ ಸ್ವತಂತ್ರ ಧ್ವನಿಮಾತ್ಮಕ ಪದವೆಂದು ಗೇರ್ಟ್ ಬೋಯ್ ಅವರು ಡಚ್ ಧ್ವನಿವ್ಯವಸ್ಥೆಯನ್ನು ಕುರಿತ 1995ರ ಗ್ರಂಥದಲ್ಲಿ ಪ್ರತಿಪಾದಿಸಿದ್ದಾರೆ.

ಒತ್ತಿನ ವಿಷಯದಲ್ಲಿ, ನಾಮಸಮಾಸಗಳ ಪ್ರಧಾನ ಒತ್ತು ಸಾಮಾನ್ಯವಾಗಿ ಪೂರ್ವಪದದ ಮೇಲೆ, ಗೌಣ ಒತ್ತು ಉತ್ತರಪದದ ಮೇಲೆ ಬೀಳುತ್ತದೆ. ನಿಯಮವು ಆರಿಸುವುದು ಘಟಕವನ್ನು. ಆ ಘಟಕದೊಳಗೆ ಒತ್ತು ತನ್ನ ಸಹಜ ಸ್ಥಾನದಲ್ಲಿಯೇ ಇರುತ್ತದೆ. ‘ಹೊಣೆಗಾರಿಕೆ ವಿಮೆ’ ಎಂಬರ್ಥದ 9 ಉಚ್ಚಾರಾಂಶಗಳ ಪದ ಆನ್-ಸ್ಪ್ರಾ-ಕೆ-ಲೆಕ್-ಹೈತ್ಸ್-ಫೆರ್-ಜೇ-ಕೆ-ರಿಂಗ್. ಇದರಲ್ಲಿ ಪ್ರಧಾನ ಒತ್ತು ‘ಸ್ಪ್ರಾ’ದ ಮೇಲೆ, ಗೌಣ ಒತ್ತು ‘ಜೇ’ಯ ಮೇಲೆ, ಎರಡು ಪದಗಳನ್ನು ಜೋಡಿಸುವ ಸಕಾರವು ಪೂರ್ವಪದಕ್ಕೇ ಸಲ್ಲುತ್ತದೆ.

ಒಂದೇ ಕಾಗುಣಿತದ ಜೋಡಿಗಳು ಈ ವಾದವನ್ನು ಸ್ಪಷ್ಟಪಡಿಸುತ್ತವೆ. ಕ್ವರ್ತ್-ಸ್ಲಾ-ಗೆನ್ ಎಂದರೆ ಕಾಲು ಸುತ್ತುಗಳು, ಕ್ವರ್ತ್ಸ್-ಲಾ-ಗೆನ್ ಎಂದರೆ ಸ್ಫಟಿಕಶಿಲೆಯ ಪದರಗಳು: ಒತ್ತು ಒಂದೇ, ವಿಭಜನೆ ಬೇರೆ. ಮ-ಸಾ-ಝೆ-ಬೆತ್ ಎಂದರೆ ಅಂಗಮರ್ದನದ ಮಂಚ, ಮ-ಸಾ-ಗೆ-ಬೆತ್ ಎಂದರೆ ಸಾಮೂಹಿಕ ಪ್ರಾರ್ಥನೆ. ಇಲ್ಲಿ ವಿಭಜನೆ ಒಂದೇ; ಪ್ರಧಾನ ಒತ್ತು ಮೊದಲನೆಯದರಲ್ಲಿ ‘ಸಾ’ದ ಮೇಲೆ, ಎರಡನೆಯದರಲ್ಲಿ ‘ಮ’ದ ಮೇಲೆ.

ಎರಡು ಬಗೆಯ ಅಪವಾದಗಳನ್ನು ಗಮನಿಸಬೇಕು. ಪುರಭವನವನ್ನು ಸೂಚಿಸುವ ಸ್ತತ್-ಹಾಯ್ಸ್ ಪದದಲ್ಲಿ ಒತ್ತು ಉತ್ತರಪದದ ಮೇಲಿದೆ. ಆದರೂ ಗಡಿ ಅಳಿದಿಲ್ಲ, ಪೂರ್ವಪದದ ದಕಾರ ತಕಾರವಾಗಿಯೇ ಇದೆ. ಆಲೂಗಡ್ಡೆಯ ಹೆಸರಿನಲ್ಲಿ ಇದಕ್ಕೆ ವಿಪರೀತ ಸ್ಥಿತಿ: ‘ಭೂಮಿ’, ‘ಸೇಬು’ ಎಂಬ ಘಟಕಗಳಿಂದ ಹುಟ್ಟಿದ ಈ ಪದವನ್ನು ಆರ್-ದ-ಪೆಲ್ ಎಂದು ನುಡಿಯುವವರಲ್ಲಿ ಒತ್ತು ಮೊದಲಿನಲ್ಲಿಯೇ ಇದ್ದರೂ ಗಡಿ ಅಳಿದಿದೆ.

ಆದ್ದರಿಂದ ಇಲ್ಲಿ ನಿರ್ಣಾಯಕವಾದುದು ಪದದ ವ್ಯುತ್ಪತ್ತಿಯಲ್ಲ, ಭಾಷಿಕರಲ್ಲಿ ಜೀವಂತವಾಗಿರುವ ರಚನೆ. ದೀರ್ಘ ಸಮಾಸಗಳ ವಿಶ್ಲೇಷಣೆಯಲ್ಲಿ ಘಟಕಗಳ ಗಡಿಯನ್ನು ಮೊದಲು ಗುರುತಿಸಿ, ಅನಂತರ ವಿಭಜನೆಯನ್ನೂ ಒತ್ತನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಯುಕ್ತವೆಂದು ಭಾವಿಸುತ್ತೇವೆ.