ಗಾಂಜಾ ಪೈರು ಮತ್ತು ಜಮೀನುದಾರರ ಹೊಣೆ

ಬೆಲ್ಲದ ಬಾಗೇವಾಡಿಯ ಸುತ್ತಲಿನ ಹಳ್ಳಿಗಳಲ್ಲಿ ಕಬ್ಬು, ಗೋವಿನಜೋಳಗಳು ಆಳೆತ್ತರಕ್ಕೆ ಬೆಳೆದಾಗ ಹೊಲದ ನಡುವೆ ಏನಿರುವದೆಂಬುದು ಬದುವಿನ ಮೇಲೆ ನಿಂತವನಿಗೆ ಕಾಣದು. ಇಂಥ ಮರೆಯಲ್ಲಿ ಯಾರಾದರೂ ಗಾಂಜಾ ಬೆಳೆಸಿದರೆ, ಬೆಳೆಸಿದವನಲ್ಲದೆ ಜಮೀನಿನ ಒಡೆಯನೂ ಊರಿನ ಪಂಚರೂ ಉತ್ತರ ಹೇಳಬೇಕಾಗುವ ಪ್ರಸಂಗವುಂಟು.

ಬೆಳಗಾವಿ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿದ್ದಾಗ ಗಾಂಜಾದ ವ್ಯವಹಾರವು 1878ನೆಯ ಆಬಕಾರಿ ಕಾಯಿದೆಗೆ ಒಳಪಟ್ಟಿತ್ತು. ಈಗ ನಡೆಯುವದು 1985ನೆಯ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯಿದೆ. ಸರಕಾರದ ಪರವಾನಿಗೆಯಿಲ್ಲದೆ ಈ ಗಿಡವನ್ನು ಬೆಳೆಯುವದು ಅದರ 8ನೆಯ ಕಲಮಿನಂತೆ ನಿಷಿದ್ಧ. 20ನೆಯ ಕಲಮಿನಂತೆ 10 ವರ್ಷಗಳವರೆಗೆ ಕಠಿಣ ಸಜೆಯೂ 1 ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. ಬೆಳೆದ ಗಿಡ ಒಂದೇ ಆದರೂ ಅಪರಾಧವೇ. ಮನೆಯ ಉಪಯೋಗಕ್ಕೆಂಬ ನೆಪವೂ ಸಲ್ಲದು.

ಹಿಂದುಸ್ತಾನದ ಕೂಲಿಕಾರರು 1845ರಿಂದ ಹೋಗಿ ನೆಲೆಸಿದ ಜಮೇಕಾ ದ್ವೀಪದಲ್ಲಿಯೂ ಇದಕ್ಕೆ ಗಾಂಜಾ ಎಂದೇ ಹೆಸರು. ಅಲ್ಲಿ 2015ರಲ್ಲಿ ಕಾಯಿದೆಯನ್ನು ಸಡಲಿಸಿ, ಮನೆಯೊಂದಕ್ಕೆ 5 ಗಿಡಗಳವರೆಗೆ ಆಸ್ಪದ ಕೊಟ್ಟರು. ಆ ಸುದ್ದಿಯನ್ನು ಕೇಳಿ ಇಲ್ಲಿಯೂ ಹಾಗೆಯೇ ಎಂದು ಯಾರೂ ಭ್ರಮಿಸಕೂಡದು.

ಜಮೀನನ್ನು ಲಾವಣಿಗೆ ಅಥವಾ ಪಾಲಿಗೆ ಕೊಟ್ಟವರು ವಿಶೇಷವಾಗಿ ಲಕ್ಷ್ಯದಲ್ಲಿಡತಕ್ಕ ಕಲಮುಗಳು ಮೂರು. ತನ್ನ ಸ್ಥಳವನ್ನು ಇಂಥ ಕೆಲಸಕ್ಕೆ ತಿಳಿದೂ ಬಿಟ್ಟುಕೊಟ್ಟವನಿಗೆ 25ನೆಯ ಕಲಮಿನಂತೆ ಮೂಲ ಅಪರಾಧದ ಶಿಕ್ಷೆಯೇ ಆಗುವದು. ತನ್ನ ಜಮೀನಿನಲ್ಲಿ ಗಾಂಜಾ ಇರುವದನ್ನು ಅರಿತೂ ಕೂಡಲೆ ವರದಿ ಮಾಡದ ಹಿಡುವಳಿದಾರನು 46ನೆಯ ಕಲಮಿನಂತೆ ಶಿಕ್ಷಾರ್ಹನು. ಸಂಗತಿ ತಿಳಿದ ಮೇಲೆ ವರದಿ ಮಾಡಲು ಉದಾಸೀನ ತೋರಿದ ಪಂಚರಿಗೂ ಸರ್ವ ಗ್ರಾಮಾಧಿಕಾರಿಗಳಿಗೂ 47ನೆಯ ಕಲಮು ಅನ್ವಯಿಸುವದು. ಅಂದಮೇಲೆ ನೆರೆಹೊರೆಯ ದಾಕ್ಷಿಣ್ಯಕ್ಕಾಗಿ ಸುಮ್ಮನಿರುವದೂ ಅಪರಾಧವೇ.

ಆದರೆ ಪುಂಡಿಯನ್ನು ಕಂಡು ಗಾಂಜಾ ಎಂದು ಗಾಬರಿಪಡಬಾರದು. ಪುಂಡಿಯ ಎಲೆ ಒಂದೇ ಹಾಳೆಯಾಗಿದ್ದು ಬೆರಳುಗಳಂತೆ ಸೀಳಿರುವದು. ಹೂವು ಹಳದಿ, ನಡುವೆ ಕಡುಗೆಂಪು. ಗಾಂಜಾದಲ್ಲಿ ಗರಗಸದಂಥ ಅಂಚಿನ ಕಿರಿದಾದ ಎಲೆಗಳು ತೊಟ್ಟಿನ ತುದಿಯಿಂದ ಬಿಡಿಬಿಡಿಯಾಗಿ ಹರಡಿರುತ್ತವೆ. ಹೂಗೊಂಚಲು ಹಸಿರು, ಅಂಟು, ವಾಸನೆ ಕಟು. ಪುಂಡಿಗೂ ಹಸುರು ಗೊಬ್ಬರದ ಸೆಣಬಿಗೂ ಈ ಕಾಯಿದೆಯ ತೊಡಕಿಲ್ಲ.

ಲಾವಣಿ ಪತ್ರದಲ್ಲಿ ಬೆಳೆಯ ಹೆಸರನ್ನು ಬರೆಯಿಸುವದು, ಪೈರು ಎತ್ತರವಾದ ಮೇಲೆ ಸಾಲುಗಳೊಳಗೆ ಹೊಕ್ಕು ನೋಡುವದು ಜಮೀನುದಾರರಿಗೆ ಹಿತಕರ. ಸಂಶಯದ ಗಿಡ ಕಂಡಲ್ಲಿ ತಾವಾಗಿ ಕಿತ್ತೊಗೆಯದೆ ಪೊಲೀಸ್, ಆಬಕಾರಿ ಅಥವಾ ಕಂದಾಯ ಅಧಿಕಾರಿಗಳಿಗೆ ಅಂದೇ ಲಿಖಿತ ವರದಿ ಕೊಟ್ಟು, ಅದರ ಪ್ರತಿಯೊಂದನ್ನು ತಮ್ಮಲ್ಲಿ ಇಟ್ಟುಕೊಳ್ಳತಕ್ಕದ್ದು. ಪೈರಿನ ಜಪ್ತಿಯೂ ನಾಶವೂ 48ನೆಯ ಕಲಮಿನಂತೆ ಅಧಿಕಾರವುಳ್ಳವರ ಅಪ್ಪಣೆಯಿಂದ ಆಗತಕ್ಕವು.