ಕತ್ತರಿ ತಂದ ಚಳಿಗಾಲ

ವೈನ್ ದ್ರಾಕ್ಷಿಗೆ ಜಗತ್ತಿನ ಭೂಪಟದಲ್ಲಿ ಬಹುಕಾಲದಿಂದ ಗಡಿ ಹಾಕಿಟ್ಟಿದ್ದರು: ಅಕ್ಷಾಂಶ 30ರಿಂದ 50 ಡಿಗ್ರಿಯ ಒಳಗೆ. ಬೆಂಗಳೂರು ಇರುವುದು 13ರಲ್ಲಿ. 1980ರ ಆಸುಪಾಸಿನಲ್ಲಿ ಕನ್ವಲ್ ಗ್ರೋವರ್ ಎಂಬ ಉದ್ಯಮಿ ಈ ಗಡಿಯನ್ನು ಒಪ್ಪಲಿಲ್ಲ. ವ್ಯಾಪಾರದ ಮೇಲೆ ಫ್ರಾನ್ಸಿಗೆ ಹೋಗಿಬರುತ್ತಿದ್ದ ಅವರಿಗೆ ಅಲ್ಲಿನ ವೈನ್ ಹಿಡಿಸಿತ್ತು. ಶಾಂಪೇನ್ ತಯಾರಿಸುವ ಮಮ್ ಸಂಸ್ಥೆಯ ಜಾರ್ಜ್ ವೆಸೆಲ್ ಜೊತೆಯಾದರು. ಜಾಗ ಹುಡುಕಿದರು, ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿದರು, ಹಲವನ್ನು ಕೈಬಿಟ್ಟರು. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಲ್ಲಿ ತೋಟ ನಿಂತಿತು.

ಅದೇ ಜಾಗ ಯಾಕೆ? ಉತ್ತರ ಬಿಸಿ–ತಂಪಿನ ಹದದಲ್ಲಿದೆ; ಅದನ್ನು ತಿಳಿಯಲು ರೀಸ್ಲಿಂಗ್ ಎಂಬ ಜರ್ಮನಿಯ ಬಿಳಿ ದ್ರಾಕ್ಷಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಮೋಸೆಲ್ ನದಿಯ ಕಡಿದಾದ ದಡಗಳಲ್ಲಿ ಅದಕ್ಕೆ ಬೇಕಾದ ಶಾಖವನ್ನು ಒದಗಿಸುವುದರಲ್ಲಿ ಕಪ್ಪು ಹಲಗೆಕಲ್ಲಿನ ಪಾಲು ದೊಡ್ಡದು: ಹಗಲು ಹೀರಿದ ಬಿಸಿಲನ್ನು ಕಲ್ಲು ರಾತ್ರಿ ಬಿಟ್ಟುಕೊಡುತ್ತದೆ. ಆಸ್ಟ್ರೇಲಿಯಾದ ನೈಋತ್ಯ ಮೂಲೆಯ ಗ್ರೇಟ್ ಸದರ್ನ್ ಸೀಮೆಯಲ್ಲಿ ರೀಸ್ಲಿಂಗಿಗೆ ತೊಂದರೆ ತಿರುಗಾಮುರುಗಾ. ಅಲ್ಲಿ ದಕ್ಷಿಣ ಸಾಗರದ ತಣ್ಣನೆ ಗಾಳಿ ಬಿಸಿಲಿನ ಕಾವನ್ನು ಇಳಿಸುತ್ತದೆ. ಹಾಗಂತ ಕಡಲು ಇದ್ದಲ್ಲೆಲ್ಲ ದ್ರಾಕ್ಷಿ ಆಗುವುದಿಲ್ಲ. ನಮ್ಮ ಮಂಗಳೂರಿನ ಕಡಲು ಬೆಚ್ಚಗಿನದು. ರಾತ್ರಿಯೂ ಸೆಕೆ, ಮೇಲೆ 3000 ಮಿಲಿಮೀಟರ್ ದಾಟುವ ಮಳೆ. ಕಡಲು ಮಾಡಬೇಕಾದ ಕೆಲಸವನ್ನು ಬೆಂಗಳೂರಿನ ಸುತ್ತ ಎತ್ತರ ಮಾಡುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು. ನಂದಿ ತಪ್ಪಲು ಇರುವುದು 900 ಮೀಟರಿನ ಆಸುಪಾಸಿನಲ್ಲಿ. ಗ್ರಾನೈಟ್ ಜಾತಿಯ ಬಂಡೆ ಸವೆದು ಆದ ಕೆಂಪು ಮರಳುಗೋಡು ಮಣ್ಣು ನೀರು ನಿಲ್ಲಗೊಡುವುದಿಲ್ಲ. ಬೇರು ಆಳಕ್ಕೆ ಹೋಗಲೇಬೇಕು.

ಎತ್ತರ, ಮಣ್ಣು ಎರಡೂ ಒದಗಿದರೂ ಒಂದು ತೊಡಕು ಉಳಿಯುತ್ತದೆ, ನನ್ನ ಪಾಲಿಗೆ ಈ ಕತೆಯ ತಿರುಳೇ ಅದು. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಒಟ್ಟಿಗೆ ಏಳುತ್ತದೆ. ನಮ್ಮಲ್ಲಿ ಅದನ್ನು ಮಲಗಿಸುವಷ್ಟು ಚಳಿಯೇ ಇಲ್ಲ. ಬೆಂಗಳೂರಿನ ಬಸವೇಶ್ವರನಗರದಲ್ಲಿ ಗೇಟಿನ ಮೇಲೆ ದ್ರಾಕ್ಷಿ ಹಬ್ಬಿಸಿದ ಮನೆಗಳನ್ನು ನೋಡಿದವರಿಗೆ ಇದು ಗೊತ್ತು: ಮುಟ್ಟದೆ ಬಿಟ್ಟರೆ ಬಳ್ಳಿ ವರ್ಷವಿಡೀ ಎಲೆ ಹಾಕುತ್ತದೆ, ತಾರಸಿ ಹತ್ತುತ್ತದೆ, ಗೊಂಚಲು ಮಾತ್ರ ಅಲ್ಲೊಂದು ಇಲ್ಲೊಂದು. ನಮ್ಮ ಪಕ್ಕದ ಮನೆಯ, ದೇವನಹಳ್ಳಿ ಕಡೆಯ ಅಜ್ಜಿ ಅಂಥ ಬಳ್ಳಿಯನ್ನು ಒಂದು ಮಧ್ಯಾಹ್ನ ಬೋಳು ಮಾಡಿ ಕೂತರು. ಕತ್ತರಿಸಿದ ತುದಿಗಳಿಂದ ತಿಳಿನೀರು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಆಮೇಲೆ ಕಡ್ಡಿಯ ಕಣ್ಣುಗಳು ಉಬ್ಬಿದವು. ಚಿಗುರಿನ ಜೊತೆಗೇ ಸಾಸಿವೆ ಕಾಳಿನಂಥ ಹೂಮೊಗ್ಗಿನ ಗೊಂಚಲು ಹೊರಬಂತು.

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ರೈತರು ಈ ಉಪಾಯವನ್ನು ಫ್ರೆಂಚ್ ತಳಿಗಳು ಬರುವುದಕ್ಕಿಂತ ಬಹಳ ಮೊದಲೇ ಕೈಗತ ಮಾಡಿಕೊಂಡಿದ್ದರು. ವಿಜಯನಗರ ಬಡಾವಣೆಯ ತಳ್ಳುಗಾಡಿಯಲ್ಲಿ ಸಿಗುವ ನೇರಳೆ ಬಣ್ಣದ ಬೀಜದ ದ್ರಾಕ್ಷಿ, ಬಾಯಲ್ಲಿ ಸಿಪ್ಪೆ ಜಾರಿ ತಿರುಳು ಬೇರೆಯಾಗುವ ಘಮಘಮ ಹಣ್ಣು, ಅದೇ ಬೆಂಗಳೂರು ಬ್ಲೂ. ಇದರ ಮೂಲ ಇಸಾಬೆಲ್ಲಾ ಎಂಬ ಅಮೆರಿಕದ ತಳಿ. ವರ್ಷಕ್ಕೆರಡು ಸಲ ಕಟಿಂಗ್, ಎರಡು ಸಲ ಫಸಲು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದನ್ನೇ ತಾಯಿಯಾಗಿಟ್ಟು ಅರ್ಕಾ ಶ್ಯಾಮ್ ತಳಿಯನ್ನು ರೂಪಿಸಿತು. 2013ರಲ್ಲಿ ಬೆಂಗಳೂರು ಬ್ಲೂಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ನಂದಿ ತಪ್ಪಲಿನ ಆವಿಷ್ಕಾರವನ್ನು ಹೇಳುವಾಗ ಈ ಚಪ್ಪರದ ರೈತರನ್ನು ಬಿಡುವುದು ಅನ್ಯಾಯ.

ಗ್ರೋವರ್ ತೋಟದಲ್ಲಿ ಫ್ರೆಂಚ್ ತಳಿಗಳಿಗೆ ಆ ಕ್ರಮವನ್ನು ಬದಲಿಸಿ ಹೊಂದಿಸಿದರು. ಏಪ್ರಿಲ್ ಸುಮಾರಿಗೆ ಮೊದಲ ಕಟಿಂಗ್; ನಂತರದ ಬಿಸಿಲಿನಲ್ಲಿ ಬೆಳೆಯುವ ಹೊಸ ಕಡ್ಡಿಯ ಕಣ್ಣೊಳಗೆ ಮುಂದಿನ ಗೊಂಚಲು ಗುಟ್ಟಾಗಿ ರೂಪುಗೊಳ್ಳುತ್ತದೆ. ಮಳೆಗಾಲದಲ್ಲಿ ಹಣ್ಣು ಬಿಡಿಸುವುದಿಲ್ಲ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಎರಡನೆಯ ಕಟಿಂಗ್, ಫೆಬ್ರುವರಿಯಿಂದ ಕೊಯ್ಲು. ಎರಡು ಕಟಿಂಗಿಗೆ ಒಂದೇ ಬೆಳೆ. ಬಳ್ಳಿಗೆ ಬೇಕಿದ್ದ ಚಳಿಗಾಲ ಕತ್ತರಿಯ ಬಾಯಿಂದ ಸಿಕ್ಕಿತು. 1992ರಲ್ಲಿ ಗ್ರೋವರ್ ವೈನ್ ಮಾರುಕಟ್ಟೆಗೆ ಬಂತು. ಆ ದಶಕದಲ್ಲೇ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾನ್ ಸಲಹೆಗಾರರಾದರು.

ಕಾಬರ್ನೆ ಸೊವಿನ್ಯೋನ್, ಶಿರಾಜ್, ಸೊವಿನ್ಯೋನ್ ಬ್ಲಾಂಕ್ ಇಲ್ಲಿ ಊರಿಕೊಂಡವು. ರೀಸ್ಲಿಂಗ್ ಹಾಗೆ ಒಗ್ಗುವ ಬಳ್ಳಿಯಲ್ಲ. ಅದರ ಬೆನ್ನೆಲುಬು ಹುಳಿ. ಮಾಗುವ ಹಣ್ಣು ರಾತ್ರಿಯೂ ಉಸಿರಾಡುತ್ತ ಮಾಲಿಕ್ ಆಮ್ಲವನ್ನು ವ್ಯಯಿಸುತ್ತದೆ, ರಾತ್ರಿ ಬೆಚ್ಚಗಾದಷ್ಟೂ ಹೆಚ್ಚು. ನಾಸಿಕದಲ್ಲಿ ಸುಲಾ ವೈನ್ ಸಂಸ್ಥೆಯವರು ರೀಸ್ಲಿಂಗ್ ಬೆಳೆದು ಬಾಟಲಿಗೆ ತುಂಬಿದ್ದಾರೆ. ಅಲ್ಲಿ ಚಳಿಗಾಲದ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಆಗ 15–16.

ನಂದಿ ತಪ್ಪಲಿನ ಬೆಳೆಗಾರರಿಗೆ ಇಂದಿಗೂ ದೊಡ್ಡ ನಿರ್ಧಾರ ಎರಡನೆಯ ಕಟಿಂಗಿನ ದಿನಾಂಕ. ಮುಂಚೆ ಕತ್ತರಿ ಹಾಕಿದರೆ ಎಳೆ ಗೊಂಚಲು ಅಕ್ಟೋಬರ್ ಮಳೆಗೆ ಸಿಕ್ಕು ಬೂಜು ತುಪ್ಪಟ ರೋಗಕ್ಕೆ ತುತ್ತಾಗುತ್ತದೆ. ತಡಮಾಡಿದರೆ ಹಣ್ಣು ಏಪ್ರಿಲ್ ಬಿಸಿಲಲ್ಲಿ ಮಾಗಿ, ಬೇಸಿಗೆ ಮಳೆ ಬಿದ್ದಾಗ ಸಿಪ್ಪೆ ಸೀಳಿಕೊಳ್ಳುತ್ತದೆ.